ಓದಿದವರ ಓದು

ಪ್ರೀತಿಯ ಗೆಳೆಯಾ,

"ಪುಸ್ತಕ ಓದೋದಕ್ಕೇ ಟೈಮ್ ಸಾಲಲ್ಲ, ಪುಸ್ತಕಗಳ ಬಗ್ಗೆ ಬರೆದದ್ದನ್ನು ಯಾಕೆ ಓದ್ತೀಯಾ?" ಅಂತ ನೀನು ಕೇಳಿದ್ದೆ ಅಲ್ವಾ? ಅವತ್ತಿನಿಂದ ಅದೇ ತಲೆಯಲ್ಲಿದೆ.

ಯಾರೋ ಓದುತ್ತಾ ಕೂತಿದ್ದಾರೆ ಅಂದುಕೋ. ಹೊರಗಿನಿಂದ ಕಾಣುವುದು ತಗ್ಗಿಸಿದ ತಲೆ, ಆಗಾಗ ಮಗುಚುವ ಹಾಳೆ, ಅಷ್ಟೇ. ಒಳಗೆ ಏನಾಗುತ್ತಿದೆ ಅಂತ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಎಲ್ಲಿ ಬೇಜಾರಾಯಿತು, ಯಾವ ಸಾಲಿಗೆ ಬಂದು ಮುಂದೆ ಹೋಗಲಾರದೆ ನಿಂತರು, ಎಷ್ಟೋ ವರ್ಷದ ಮೇಲೆ ಅದೇ ಪುಸ್ತಕ ತೆಗೆದಾಗ ಹೇಗೆ ಬೇರೆಯೇ ಅನ್ನಿಸಿತು, ಇದೆಲ್ಲ ನನಗೆ ಸಿಗುವುದು ಪುಸ್ತಕಗಳ ಬಗ್ಗೆ ಬರೆದ ಪ್ರಬಂಧಗಳಲ್ಲೇ. ಪುಸ್ತಕ ಚೆನ್ನಾಗಿದೆಯಾ ಇಲ್ಲವಾ ಅನ್ನುವುದನ್ನು ವಿಮರ್ಶೆ ಹೇಳುತ್ತದೆ. ಅದು ಓದಿದವರನ್ನು ಏನು ಮಾಡಿತು ಅಂತ ತಿಳಿಯುವ ಆಸೆ ನನಗೆ ಜಾಸ್ತಿ.

ಫ್ರಾನ್ಸಿನ ಪ್ರಬಂಧಕಾರ ಮೊಂಟೇನ್‌ನನ್ನೇ ನೋಡು. 1580ರಲ್ಲಿ ಅಚ್ಚಾದ ಅವನ ಪ್ರಬಂಧಗಳಲ್ಲಿ ಪುಸ್ತಕಗಳ ಮೇಲೆಯೇ ಒಂದಿದೆ. ಅವನಿಗೆ ಮರೆವು ಬಹಳ. ಹಿಂದೆ ಪೂರ್ತಿ ಓದಿದ್ದ ಪುಸ್ತಕವನ್ನೇ ಹೊಸದು ಅಂದುಕೊಂಡು ಕೈಗೆತ್ತಿಕೊಳ್ಳುತ್ತಿದ್ದನಂತೆ. ಅದಕ್ಕೇ ಓದಿ ಮುಗಿಸಿದ ಮೇಲೆ ಕೊನೆಯಲ್ಲಿ ಯಾವಾಗ ಮುಗಿಸಿದೆ, ಒಟ್ಟಾರೆ ಏನನ್ನಿಸಿತು ಅಂತ ಬರೆದಿಡುವ ಅಭ್ಯಾಸ ಮಾಡಿಕೊಂಡ. ಕಷ್ಟದ ಜಾಗ ಬಂದರೆ ಉಗುರು ಕಚ್ಚುತ್ತಾ ಕೂರುವುದಿಲ್ಲ, ಒಂದೆರಡು ಸಲ ನೋಡಿ ಬಿಟ್ಟುಬಿಡುತ್ತೇನೆ ಅನ್ನುತ್ತಾನೆ. ಈ ಪುಸ್ತಕ ಬೇಸರವಾದರೆ ಇನ್ನೊಂದು. ಅಷ್ಟು ದೊಡ್ಡ ಓದುಗನೇ ಹೀಗೆ ಹೇಳಿದ್ದು ಓದಿದಾಗ ನನಗೆ ಎಂಥ ಬಿಡುಗಡೆ ಸಿಕ್ಕಿತು ಗೊತ್ತಾ? ಅರ್ಧಕ್ಕೆ ನಿಂತ ಪುಸ್ತಕಗಳ ಭಾರ ಅವತ್ತು ಇಳಿಯಿತು.

ಇನ್ನೊಂದು ಚಿತ್ರ ಅರ್ಜೆಂಟೀನಾದ ಲೇಖಕ ಬೋರ್ಹೆಸ್‌ನದು. ಕಣ್ಣು ಹೋದ ಮೇಲೆ ಅವನಿಗೆ ಬೇರೆಯವರು ಓದಿ ಹೇಳಬೇಕಿತ್ತು. 1960ರ ದಶಕದಲ್ಲಿ ಹಾಗೆ ಓದಿದವರಲ್ಲಿ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಆಲ್ಬರ್ಟೊ ಮಾಂಗ್ವೆಲ್ ಕೂಡ ಒಬ್ಬ. ಮುಂದೆ ಓದುವುದರ ಬಗ್ಗೆಯೇ ಬರೆಯುತ್ತಾ ಬಂದ. ಬೋರ್ಹೆಸ್ ನಿರ್ದೇಶಕನಾಗಿದ್ದ ಅರ್ಜೆಂಟೀನಾದ ರಾಷ್ಟ್ರೀಯ ಗ್ರಂಥಾಲಯಕ್ಕೆ 2016ರಲ್ಲಿ ಈ ಮಾಂಗ್ವೆಲ್ಲೇ ನಿರ್ದೇಶಕನಾಗಿ ಬಂದ. ಇಂಥದ್ದನ್ನು ಓದಿದ ದಿನ ನನಗೆ ಬೇರೆ ಕೆಲಸ ಹತ್ತುವುದಿಲ್ಲ.

ನಾನು ಓದಿಯೇ ಇರದ ಪುಸ್ತಕಗಳ ಮೇಲಿನ ಪ್ರಬಂಧಗಳೂ ನನಗಿಷ್ಟ. ಕೆಲವು ಆ ಪುಸ್ತಕ ಹುಡುಕಿಸುತ್ತವೆ. ಕೆಲವು ಅಷ್ಟಕ್ಕೇ ತೃಪ್ತಿ ಕೊಡುತ್ತವೆ, ಅದರಲ್ಲೇನೂ ನಷ್ಟವಿಲ್ಲ.

ಹಾಂ, ಇಂಗ್ಲಿಷ್ ಲೇಖಕ ಚಾರ್ಲ್ಸ್ ಲ್ಯಾಂಬ್‌ನ 1820ರ ಪ್ರಬಂಧವೊಂದನ್ನು ನೀನು ಓದಲೇಬೇಕು. ಪುಸ್ತಕ ಕಡ ಒಯ್ಯುವವರ ಬಗ್ಗೆ ಬರೆಯುತ್ತಾ, ತನ್ನ ಗೆಳೆಯ, ಕವಿ ಕೋಲ್‌ರಿಜ್‌ನಂಥವನಿಗೆ ಮಾತ್ರ ಧಾರಾಳವಾಗಿ ಕೊಡಿ ಅನ್ನುತ್ತಾನೆ. ಅವನು ಪುಸ್ತಕದಲ್ಲಿ ಟಿಪ್ಪಣಿ ಬರೆದು, ಬಡ್ಡಿ ಸಮೇತ ಹಿಂದಿರುಗಿಸುತ್ತಾನಂತೆ. ನನ್ನ ಪುಸ್ತಕ ನಿನ್ನ ಹತ್ತಿರ ಒಂದಿದೆಯಲ್ಲ, ಅದರಲ್ಲೂ ಹಾಗೇ ಬರಿ. ಪೆನ್ಸಿಲ್ಲೇ ಆಗಬೇಕೆಂದಿಲ್ಲ.

ನಿನ್ನ
ಗೆಳೆಯ