ಹೆಣ್ಣುಮಕ್ಕಳ ಟೇಬಲ್ ಮೇಲೆ ಯಾಕೆ ಕಣ್ಣು?

ಮಾನ್ಯರೇ,

ಕುಡಿತ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅದು ಮನೆ ಹಾಳು ಮಾಡುವ ಬಗೆ ನಮ್ಮ ಜಿಲ್ಲೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅಂಕೋಲಾದ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಹೋರಾಡಿದ್ದು ಅದಕ್ಕೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿಯುವ ಗಂಡಸರು ನೂರಕ್ಕೆ ಸುಮಾರು 19, ಹೆಂಗಸರು ಸುಮಾರು ಒಬ್ಬರು. ಆದರೂ ಬೈಗುಳ ಅವಳಿಗೇ ಜಾಸ್ತಿ.

ಮೊನ್ನೆ ಕಾರವಾರದ ಹೋಟೆಲೊಂದರಲ್ಲಿ ಇಬ್ಬರು ಹುಡುಗಿಯರು ಬಂಗಡೆ ಫ್ರೈ ಜೊತೆ ಒಂದು ಬಿಯರ್ ತರಿಸಿಕೊಂಡು ಸುಮ್ನೆ ಮಾತಾಡುತ್ತಿದ್ದರು. ಪಕ್ಕದ ಟೇಬಲ್‌ನಲ್ಲಿ ಕ್ವಾರ್ಟರ್ ಮುಗಿಸಿದ್ದವರೇ 'ಕಾಲ ಕೆಟ್ಟಿತು' ಎಂದರು. ಒಬ್ಬ ಮೊಬೈಲಲ್ಲಿ ವಿಡಿಯೊ ಮಾಡಿದ. ನನಗೆ ಮೈ ಉರಿಯಿತು. 2009ರಲ್ಲಿ ಮಂಗಳೂರಿನ ಪಬ್‌ನಲ್ಲಿ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದದ್ದು ನೆನಪಿದೆ ಅಲ್ವಾ? ಕೇಳದೆ ವಿಡಿಯೊ ಮಾಡುವವರನ್ನು ಹೋಟೆಲಿನವರು ಅಲ್ಲೇ ತಡೆಯಲಿ, ಪೊಲೀಸರೂ ಇಂಥ ದೂರುಗಳನ್ನು ಗಂಭೀರವಾಗಿ ತೆಗೆದುಕೊಳ್ಳಲಿ.

— ಓದುಗಳೊಬ್ಬಳು, ಕಾರವಾರ