ಮೊದಲು ಸುತ್ತ ನೋಡು, ಆಮೇಲೆ ಫೋನ್ ಮಾಡು

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಚಿಕ್ಕಮ್ಮ, ಐದು ತಿಂಗಳು ಯಾರ ಹತ್ತಿರವೂ ಏನೂ ಕೇಳದೆ ಇದ್ದು ತೋರಿಸ್ತೀನಿ" ಅಂದೆಯಲ್ಲ, ಆ ಮಾತು ಇನ್ನೂ ತಲೆಯಲ್ಲೇ ಇದೆ. ಕೇಳಿ ಖುಷಿಯಾಯಿತು. ಸ್ವಲ್ಪ ನಗುವೂ ಬಂತು. ನಿನ್ನ ವಯಸ್ಸಿನಲ್ಲಿ ಒಂದು ಸೆಮಿಸ್ಟರ್ ಓದಲು ಹೊರದೇಶಕ್ಕೆ ಹೊರಟಾಗ ನಾನೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದೆ. ಹೋಗಿ ಎಂಟು ದಿನಕ್ಕೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ.

ಆವತ್ತು ರಾತ್ರಿ ಹತ್ತೂವರೆ. ಬಟ್ಟೆ ಒಗೆಯುವ ಮೆಷಿನ್ ಇದ್ದಿದ್ದು ನೆಲಮಾಳಿಗೆಯಲ್ಲಿ. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮೂರು ಮಹಡಿ ಹತ್ತಿ ಬಂದರೆ ರೂಮಿನ ಬಾಗಿಲು ಲಾಕ್ ಆಗಿದೆ. ಅಲ್ಲಿನ ಬಾಗಿಲು ಒಮ್ಮೆ ಮುಚ್ಚಿಕೊಂಡರೆ ಮುಗಿಯಿತು, ಕೀ ಇಲ್ಲದೆ ತೆರೆಯುವುದಿಲ್ಲ. ಕೀ ಒಳಗೆ ಮೇಜಿನ ಮೇಲೆ ಇತ್ತು. ನನ್ನ ಹತ್ತಿರ ಫೋನ್ ಮಾತ್ರ. ಕಾಲಲ್ಲಿ ಬರೀ ಸಾಕ್ಸ್, ಅದೂ ಒದ್ದೆ. ತಕ್ಷಣ ನಾನು ಮಾಡಿದ ಕೆಲಸ ಏನು ಗೊತ್ತಾ? ನಿನ್ನ ಅಮ್ಮನಿಗೆ ಫೋನ್ ಮಾಡಿದ್ದು. ಮನೆಯಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಪಾಪ, ಗಾಬರಿಯಲ್ಲಿ ಎದ್ದು, ನಾನು ಅಳುತ್ತಾ ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡು, ಕೊನೆಗೆ "ಅಲ್ಲೆಲ್ಲಾದರೂ ಗೋಡೆ ಮೇಲೆ ನಂಬರ್ ಹಾಕಿದ್ದಾರಾ ನೋಡೇ" ಅಂದಳು. ನೋಡಿದೆ. ಮೆಟ್ಟಿಲ ಪಕ್ಕದಲ್ಲೇ, ದಿನಕ್ಕೆ ಆರು ಸಲ ನಾನು ದಾಟುತ್ತಿದ್ದ ಜಾಗದಲ್ಲೇ, ಒಂದು ಹಳದಿ ಕಾಗದ. ಕೀ ಒಳಗೆ ಉಳಿದರೆ ಈ ನಂಬರಿಗೆ ಫೋನ್ ಮಾಡಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಇಪ್ಪತ್ತು ನಿಮಿಷದಲ್ಲಿ ಒಬ್ಬ ಮುದುಕ ಬಂದು ಬಾಗಿಲು ತೆಗೆದು, ಒಂದು ಸಹಿ ಹಾಕಿಸಿಕೊಂಡು ಹೋದ. ನಾನು ಹೊದ್ದು ಮಲಗಿದೆ. ಬಾಗಿಲು ತೆರೆಯಿತು ಅಂತ ಒಂದು ಮೆಸೇಜ್ ಹಾಕಲು ಮರೆತೆ. ಅಕ್ಕ ಬೆಳಗಾಗುವವರೆಗೂ ಫೋನ್ ಹಿಡಿದುಕೊಂಡೇ ಕೂತಿದ್ದಳಂತೆ.

ಅದಕ್ಕೇ ನಿನ್ನ ಆ ಶಪಥವನ್ನು ಸ್ವಲ್ಪ ತಿದ್ದುತ್ತೇನೆ. ಯಾರ ಹತ್ತಿರವೂ ಕೇಳದೆ ಇರುವುದಕ್ಕೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆ ಮುದುಕನನ್ನು ಕರೆದಿದ್ದರಲ್ಲಿ ನನ್ನ ಮಾನವೇನೂ ಹೋಗಲಿಲ್ಲ. ಪಕ್ಕದ ಗೋಡೆ ನೋಡುವುದಕ್ಕೆ ಮೊದಲು ಸಾವಿರಾರು ಮೈಲಿ ದೂರ ಮಲಗಿದ್ದವಳನ್ನು ಎಬ್ಬಿಸಿದೆನಲ್ಲ, ತಪ್ಪಿದ್ದು ಅಲ್ಲಿ. ಏನಾದರೂ ಕೆಟ್ಟರೆ ಮೊದಲು ಕಣ್ಣಳತೆಯಲ್ಲಿ ಏನಿದೆ ನೋಡು. ಆಮೇಲೆ ಪಕ್ಕದ ರೂಮಿನವರು, ವಾರ್ಡನ್, ಆಮೇಲೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸು. ಆ ಆಫೀಸಿನವರು ಇರುವುದೇ ನಿನ್ನಂಥವರಿಗಾಗಿ. ಬೇರೆ ಮಕ್ಕಳು ಇದಕ್ಕಿಂತ ಪೆದ್ದು ಪ್ರಶ್ನೆ ಕೇಳಿರುತ್ತಾರೆ, ಸಂಕೋಚ ಪಡಬೇಡ. ಮನೆಗೆ ಫೋನ್ ಮಾಡುವಾಗ ಕೆಲಸ ಮುಗಿದಿರಲಿ, ಅಥವಾ ಅರ್ಧವಾದರೂ ಆಗಿರಲಿ.

ಇದರಲ್ಲಿ ಒಂದಕ್ಕೆ ಮಾತ್ರ ವಿನಾಯಿತಿ. ಮೈ ಹುಷಾರಿಲ್ಲ, ಅಪಘಾತ, ಪೊಲೀಸು, ಯಾರಾದರೂ ಮೈಮೇಲೆ ಬೀಳುವ ಥರ ನಡೆದುಕೊಂಡರು ಅಂತಿದ್ದರೆ ಗಂಟೆ ನೋಡಬೇಡ, ಯಾರನ್ನು ಬೇಕಾದರೂ ಎಬ್ಬಿಸು. ಆದರೆ ಅಂಥ ಹೊತ್ತಿನಲ್ಲೂ ಮೊದಲ ಫೋನ್ ಅಲ್ಲಿಯ ತುರ್ತು ನಂಬರಿಗೇ. ಯುರೋಪಿನ ಒಕ್ಕೂಟದ ಎಲ್ಲಾ ದೇಶಗಳಲ್ಲೂ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ಸುಮ್ನೆ ಓದಿ ಬಿಡಬೇಡ, ಬಾಯಿಗೆ ಬರಬೇಕು. ನಮ್ಮ ದೂತಾವಾಸದ ನಂಬರನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೋ. ಫೋನೇ ಕಳೆದುಹೋದರೆ ಅದರೊಳಗಿರುವ ನಂಬರ್ ಯಾವ ಕೆಲಸಕ್ಕೂ ಬಾರದು.

ನಿನ್ನಮ್ಮನ ವಿಷಯ. ದಿನಾ ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸುತ್ತೇನೆ ಅಂತ ಈಗಲೇ ಹೇಳುತ್ತಿದ್ದಾಳೆ. ಬೇಡ ಅನ್ನು. ಅವಳಿಗೆ ಬೇಜಾರಾಗುತ್ತದೆ, ಆಗಲಿ. ಎರಡು ಸಲ ಕ್ಲಾಸ್ ತಪ್ಪಿದರೆ ಮೂರನೇ ಸಲ ನೀನೇ ಅಲಾರಂ ಮಂಚದಿಂದ ದೂರ ಇಡುತ್ತೀಯ. ಅದಕ್ಕೆ ಬದಲು ವಾರಕ್ಕೆ ಎರಡು ದಿನ, ಇಂಥ ಗಂಟೆ ಅಂತ ಗೊತ್ತು ಮಾಡಿಕೋ, ಆ ಗಂಟೆ ಮಾತ್ರ ತಪ್ಪಿಸಬೇಡ. ಹೇಳಿದ ಹೊತ್ತಿಗೆ ನೀನು ಫೋನ್ ಮಾಡುತ್ತೀಯ ಅಂತ ಗಟ್ಟಿಯಾದರೆ ಮಧ್ಯದಲ್ಲಿ ಅವಳು ಕಾಡುವುದು ತಾನಾಗಿಯೇ ಕಡಿಮೆ ಆಗುತ್ತದೆ. ಊರು ಬಿಟ್ಟು ಎಲ್ಲಾದರೂ ತಿರುಗಾಡಲು ಹೊರಟಾಗ ಎಲ್ಲಿಗೆ, ಯಾರ ಜೊತೆ, ಯಾವಾಗ ವಾಪಸ್ ಅಂತ ಒಂದು ಸಾಲು ಬರೆದು ಹಾಕು. ಇದನ್ನು ಒಪ್ಪಿಗೆ ಕೇಳಿದ ಹಾಗೆ ಬರೆಯಬೇಡ, ತಿಳಿಸಿದ ಹಾಗೆ ಬರೆ. "ಹೋಗಲಾ?" ಅನ್ನುವುದಕ್ಕೂ "ಶನಿವಾರ ಹೋಗ್ತಿದ್ದೀನಿ, ಭಾನುವಾರ ರಾತ್ರಿ ಬರ್ತೀನಿ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ.

ಇನ್ನೊಂದು, ಇದು ನನಗೆ ತಡವಾಗಿ ಗೊತ್ತಾಗಿದ್ದು. ಅಲ್ಲಿ ನನಗೊಬ್ಬಳು ಗೆಳತಿ ಸಿಕ್ಕಳು, ಬಹಳ ಚುರುಕು. ರೈಲು ನೋಡುವುದು ಅವಳು, ಟಿಕೆಟ್ ತೆಗೆಯುವುದು ಅವಳು, ಮ್ಯಾಪ್ ಹಿಡಿದು ಮುಂದೆ ನಡೆಯುವುದು ಅವಳು, ಹಿಂದೆ ಕುರಿಮರಿ ಥರ ನಾನು. ನಾಲ್ಕನೇ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಔಷಧಿ ತರಲು ಒಬ್ಬಳೇ ಹೊರಟವಳಿಗೆ ಹತ್ತಿರದ ಬಸ್ಸು ಯಾವ ಕಡೆ ಹೋಗುತ್ತದೆ ಅನ್ನುವುದೂ ತಿಳಿಯಲಿಲ್ಲ! ಮನೆಯವರನ್ನು ಬಿಟ್ಟು ಬಂದೆ ಅಂತ ಬೀಗುತ್ತಿದ್ದೆ, ಅವರ ಜಾಗಕ್ಕೆ ಅವಳನ್ನು ಕೂರಿಸಿದ್ದೆ ಅಷ್ಟೇ. ನಿನಗೂ ಅಂಥವರು ಸಿಗುತ್ತಾರೆ, ಸಿಗಲಿ. ಆದರೆ ಮೊದಲ ತಿಂಗಳಲ್ಲೇ ಒಂದು ದಿನ ಒಬ್ಬಳೇ ಗೊತ್ತಿಲ್ಲದ ಜಾಗಕ್ಕೆ ಹೋಗಿ, ದಾರಿ ತಪ್ಪಿ, ಯಾರನ್ನಾದರೂ ಕೇಳಿಕೊಂಡು ವಾಪಸ್ ಬಾ. ಹಗಲಲ್ಲಿ.

ದುಡ್ಡು. ಮೊದಲ ತಿಂಗಳು ಜಾಸ್ತಿ ಖರ್ಚಾಗುತ್ತದೆ: ರೂಮಿನ ಡಿಪಾಸಿಟ್, ಹಾಸಿಗೆ ಹೊದಿಕೆ, ಬಸ್ ಪಾಸ್. ಅದಕ್ಕೇ ಇರುವ ಹಣವನ್ನು ಐದು ಸಮಭಾಗ ಮಾಡಬೇಡ, ಮೊದಲಿಗೆ ದೊಡ್ಡ ಪಾಲು ಇಡು, ಉಳಿದದ್ದನ್ನು ವಾರದ ಲೆಕ್ಕಕ್ಕೆ ಹಂಚು. ಕಾರ್ಡ್ ಉಜ್ಜುವಾಗ ಕೆಲವು ಕಡೆ ಮೆಷಿನ್ನೇ "ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿಯ ಹಣದಲ್ಲಾ" ಅಂತ ಕೇಳುತ್ತದೆ. ಕಣ್ಣು ಮುಚ್ಚಿ ಅಲ್ಲಿಯ ಹಣವನ್ನೇ ಆರಿಸು. ನಮ್ಮ ಹಣ ಅಂದರೆ ವಿನಿಮಯ ದರ ಅವರದ್ದಾಗುತ್ತದೆ, ಸಾಮಾನ್ಯವಾಗಿ ಅದರಲ್ಲಿ ನಷ್ಟ ನಮ್ಮದೇ. ಕಾರ್ಡ್ ಎರಡಿರಲಿ, ಒಂದು ಪರ್ಸಿನಲ್ಲಿ, ಒಂದು ರೂಮಿನಲ್ಲಿ. ಬ್ಯಾಂಕಿನ ಓಟಿಪಿ ಬರುವುದು ಇಲ್ಲಿಯ ನಂಬರಿಗೆ, ಆ ಸಿಮ್ ಸತ್ತರೆ ನಿನ್ನ ಹಣ ನಿನಗೇ ಸಿಗುವುದಿಲ್ಲ. ರೂಮಿಗೆ ಕಾಲಿಟ್ಟ ದಿನ ಗೋಡೆ, ಸಿಂಕು, ಹಾಸಿಗೆಯ ಕಲೆ ಎಲ್ಲದರ ಫೋಟೋ ತೆಗೆದು ಬಾಡಿಗೆಯವರಿಗೆ ಮೇಲ್ ಮಾಡಿಬಿಡು. ನಾನು ಮಾಡಲಿಲ್ಲ. ಯಾರೋ ಮೊದಲೇ ಒಡೆದಿದ್ದ ಕಪಾಟಿನ ಬಾಗಿಲಿಗೆ ನನ್ನ ಡಿಪಾಸಿಟ್ಟಿನಲ್ಲಿ ಕತ್ತರಿ ಬಿತ್ತು.

ಪಾಸ್‌ಪೋರ್ಟ್, ವೀಸಾ ಬಗ್ಗೆ ನೀನೇ ಓದಿದ್ದೀಯ, ನಾನು ಉದ್ದ ಮಾಡುವುದಿಲ್ಲ. ವೀಸಾದ ತಾರೀಕನ್ನು ಮಾತ್ರ ಬೇರೆಯವರ ಬಾಯಿಮಾತಿನ ಮೇಲೆ ಬಿಡಬೇಡ.

ಓದಿನ ಲೆಕ್ಕದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಕ್ಲಾಸ್ ವಾರಕ್ಕೆ ಹನ್ನೆರಡೋ ಹದಿನೈದೋ ಗಂಟೆ ಇರುತ್ತದೆ, ಉಳಿದಿದ್ದೆಲ್ಲಾ ರಜೆ ಅನ್ನಿಸುತ್ತದೆ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಗುಣಿಸಿ ನೋಡು, ಕಡಿಮೆ ಅಂದರೂ 750 ಗಂಟೆ. ಆ ಖಾಲಿ ಕಂಡ ಮಧ್ಯಾಹ್ನಗಳೆಲ್ಲಾ ಅದರಲ್ಲೇ ಸೇರಿವೆ, ಯಾರೂ ಬಂದು ಕೂರಿಸುವುದಿಲ್ಲ. ಬೇರೆ ಕಡೆಯೂ ಲೆಕ್ಕದ ಹೆಸರು ಬೇರೆ, ಸ್ವಂತ ಓದಿನ ಭಾರ ಇದ್ದೇ ಇರುತ್ತದೆ. ಅಲ್ಲಿ ಹೋದ ಮೇಲೆ ಯಾವುದಾದರೂ ಕೋರ್ಸ್ ಬದಲಾಯಿಸಿದರೆ, ಅದನ್ನು ಇಲ್ಲಿ ಒಪ್ಪುತ್ತಾರಾ ಅಂತ ನಿನ್ನ ಕಾಲೇಜಿನಿಂದ ಬರಹದಲ್ಲಿ ತರಿಸಿಕೋ. ಫೋನಿನಲ್ಲಿ "ಆಗುತ್ತಮ್ಮ" ಅಂದವರು ಮುಂದಿನ ವರ್ಷ ಅದೇ ಕುರ್ಚಿಯಲ್ಲಿ ಇರುತ್ತಾರೆ ಅಂತಿಲ್ಲ.

ಮತ್ತೆ ಕೇಳು. ಮೊದಲ ಎರಡು ಮೂರು ವಾರ ಎಲ್ಲಾ ಚೆಂದ ಕಾಣುತ್ತದೆ. ಆಮೇಲೆ ಒಂದು ದಿನ, ಕಾರಣವೇ ಇಲ್ಲದೆ, ಅಲ್ಲಿಯ ಬಾಗಿಲು, ಅಲ್ಲಿಯ ಮಳೆ, ಅಲ್ಲಿಯ ಜನ ಎಲ್ಲದರ ಮೇಲೂ ಸಿಟ್ಟು ಬರುತ್ತದೆ. ಕಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ 1960ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಯಾವಾಗ ಕೈ ಕುಲುಕಬೇಕು, ಯಾವಾಗ ಟಿಪ್ಸ್ ಕೊಡಬೇಕು, ಹೀಗೆ ಯೋಚಿಸದೆ ಮಾಡುತ್ತಿದ್ದ ನೂರು ಸಣ್ಣ ಸಂಗತಿಗಳ ಗುರುತು ತಪ್ಪಿದಾಗ ಮನಸ್ಸು ದಣಿಯುತ್ತದೆ ಅನ್ನುತ್ತಾನೆ. ನನಗೆ ಆಗ ಇದು ಗೊತ್ತಿರಲಿಲ್ಲ, ನಾನೇ ಕೈಲಾಗದವಳು ಅಂದುಕೊಂಡಿದ್ದೆ. ಆ ವಾರದಲ್ಲಿ ವಾಪಸ್ ಬರುವ ಟಿಕೆಟ್ ಹುಡುಕಬೇಡ. ರೂಮ್ ಗುಡಿಸು, ಬಟ್ಟೆ ಒಗೆ, ಒಂದು ಮೊಟ್ಟೆ ಬೇಯಿಸಿಕೊಂಡು ತಿನ್ನು, ಹೊರಗೆ ಹೋಗಿ ಒಬ್ಬರ ಹತ್ತಿರವಾದರೂ ಮಾತಾಡು. ತಿಂಗಳಾದರೂ ಬಿಡದಿದ್ದರೆ ಯೂನಿವರ್ಸಿಟಿಯ ಆಪ್ತಸಲಹೆಗಾರರ ಹತ್ತಿರ ಹೋಗು, ನನಗೂ ಹೇಳು. ಅಕ್ಕನಿಗೆ ಏನು ಹೇಳಬೇಕು ಅಂತ ಇಬ್ಬರೂ ಕೂತು ಯೋಚಿಸೋಣ.

ಹಾಂ, ಸೋಮವಾರ ಬ್ಯಾಂಕಿಗೆ ಜೊತೆಗೆ ಬಾ ಅಂದಿದ್ದೆ. ನಾನು ಬರುವುದಿಲ್ಲ. ಪಾಸ್‌ಪೋರ್ಟು, ಅಡ್ಮಿಷನ್ ಪತ್ರ, ಎರಡರದ್ದೂ ಜೆರಾಕ್ಸ್ ತಗೊಂಡು ಹೋಗು. ಬೇಗ ಹೋಗು, ಸೋಮವಾರ ಕ್ಯೂ ಜಾಸ್ತಿ ಇರುತ್ತದೆ. ಕೆಲಸ ಮುಗಿದ ಮೇಲೆ ಫೋನ್ ಮಾಡು.

ನಿನ್ನ ಚಿಕ್ಕಮ್ಮ