ಏಲಂ ಕೂಗುವುದನ್ನು ಬಿಡಬೇಡ

ಪ್ರೀತಿಯ ಗೆಳೆಯಾ,

ಚರ್ಚಿನ ಬೆಳೆ ಹಬ್ಬದ ಕಾಣಿಕೆ ಏಲಂನಲ್ಲಿ ಇನ್ನು ಕೂಗುವುದಿಲ್ಲ ಎಂದು ಬರೆದಿದ್ದೀಯ. ಒಂದು ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗಿ, ಆಮೇಲೆ ಯಾರ್ಯಾರು ನೋಡಿದರು ಅಂತ ತಿರುಗಿ ನೋಡಿದೆಯಂತೆ. ಓದಿ ನಗು ಬಂತು. ಆದರೆ ಅಷ್ಟಕ್ಕೇ ಕೊಡುವುದನ್ನೇ ನಿಲ್ಲಿಸೋದಾ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಬೈಬಲಿನ ಮತ್ತಾಯ ಸುವಾರ್ತೆಯ 6ನೇ ಅಧ್ಯಾಯದ ಮಾತನ್ನು ಎತ್ತಿದ್ದೀಯ. ಸರಿ. ಆದರೆ ಅದೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ, ಒಂದು ಅಧ್ಯಾಯ ಹಿಂದೆ, ಜನ ನಿಮ್ಮ ಒಳ್ಳೆಯ ಕೆಲಸ ನೋಡಿ ತಂದೆಯಾದ ದೇವರನ್ನು ಕೊಂಡಾಡಲಿ ಎಂದೂ ಯೇಸು ಹೇಳುತ್ತಾನೆ. ಇನ್ನೊಂದು ವಿಷಯ. ಗುಟ್ಟಾಗಿ ಕೊಟ್ಟವನಿಗೆ ತಂದೆ ಪ್ರತಿಫಲ ಕೊಡುತ್ತಾನೆ ಎಂದು ಅಲ್ಲೇ ಇದೆ. ಏನೂ ಬಯಸದ ಮನಸ್ಸೇ ಬೇಕು ಅನ್ನುವುದು ನೀನು ಸೇರಿಸಿದ್ದು.

ನನ್ನನ್ನು ಜಾಸ್ತಿ ಕಾಡುವುದು ಅನನೀಯ, ಸಫೈರರ ಕಥೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕ, 5ನೇ ಅಧ್ಯಾಯ. ಅದಕ್ಕೆ ಸ್ವಲ್ಪ ಮುಂಚೆ ಬಾರ್ನಬ ಎಂಬ ವಿಶ್ವಾಸಿ ಹೊಲ ಮಾರಿ, ಹಣ ತಂದು ಯೇಸುವಿನ ಶಿಷ್ಯರಾದ ಅಪೊಸ್ತಲರ ಪಾದದ ಬಳಿ ಇಡುತ್ತಾನೆ. ಹೆಸರು, ಊರು ಸಮೇತ ದಾಖಲಾಗಿದೆ. ಯಾರೂ ತಪ್ಪು ಹುಡುಕಲಿಲ್ಲ. ಈ ಗಂಡ ಹೆಂಡತಿಯೂ ಆಸ್ತಿ ಮಾರಿದರು. ಸ್ವಲ್ಪ ಉಳಿಸಿಕೊಂಡು, ಬಂದದ್ದು ಇಷ್ಟೇ ಎಂಬಂತೆ ತಂದಿಟ್ಟರು. ಅಪೊಸ್ತಲ ಪೇತ್ರ ಅನನೀಯನನ್ನು ಕೇಳುವುದನ್ನು ಗಮನಿಸು: ಮಾರುವ ಮುಂಚೆ ಅದು ನಿನ್ನದೇ ಆಗಿತ್ತಲ್ವಾ? ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ವಾ? ಅಂದರೆ ಅರ್ಧ ಕೊಟ್ಟಿದ್ದರೂ ನಡೆಯುತ್ತಿತ್ತು. ಏನೂ ಕೊಡದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಬಾರ್ನಬನ ಹೆಸರು ಬೇಕಿತ್ತು, ಅದೂ ಕಡಿಮೆ ರೇಟಿಗೆ. ಅದಕ್ಕಾಗಿ ದೇವರ ಮುಂದೆ ಸುಳ್ಳು ಹೇಳಿದರು. (ಇಬ್ಬರೂ ಬಿದ್ದು ಸತ್ತ ಭಾಗವನ್ನು ಸಂಡೇ ಸ್ಕೂಲ್ ಮಕ್ಕಳಿಗೆ ಹೇಗೆ ಹೇಳುವುದೋ, ನನಗಿನ್ನೂ ಗೊತ್ತಾಗಿಲ್ಲ.) ನೀನು ಅಂಥ ಸುಳ್ಳೇನೂ ಹೇಳಿಲ್ಲ. ಹೊಗಳಿಕೆ ಇಷ್ಟವಾಯಿತು ಅಷ್ಟೇ.

ಇನ್ನು ಅಪೊಸ್ತಲ ಪೌಲ. ಅವನು ಸೆರೆಯಲ್ಲಿದ್ದಾಗ ಹೊರಗೆ ಕೆಲವರು ಹೊಟ್ಟೆಕಿಚ್ಚಿನಿಂದ, ಇವನಿಗೆ ಇನ್ನಷ್ಟು ನೋವಾಗಲಿ ಅಂತಲೇ ಕ್ರಿಸ್ತನನ್ನು ಸಾರುತ್ತಿದ್ದರು. ಫಿಲಿಪ್ಪಿ ಊರಿನ ಸಭೆಯವರಿಗೆ ಬರೆಯುತ್ತಾನೆ: ಆದರೇನು, ಹೇಗೋ ಕ್ರಿಸ್ತನ ಸುದ್ದಿ ಹೋಗುತ್ತಿದೆ, ನನಗೆ ಸಂತೋಷ! ಹೊಟ್ಟೆಕಿಚ್ಚು ಒಳ್ಳೆಯದು ಅಂತೇನೂ ಹೇಳಲಿಲ್ಲ. ನನಗಾಗಿದ್ದರೆ ಮೈ ಉರಿಯುತ್ತಿತ್ತು. ಇದೇ ಪೌಲ ಕೊರಿಂಥದವರಿಗೆ, ಇದ್ದದ್ದೆಲ್ಲ ದಾನ ಮಾಡಿದರೂ ಪ್ರೀತಿಯಿಲ್ಲದಿದ್ದರೆ ನನಗೆ ಪ್ರಯೋಜನವಿಲ್ಲ ಎನ್ನುತ್ತಾನೆ. ನಷ್ಟ ಕೊಟ್ಟವನಿಗೆ. ನೀನು ಕೊಟ್ಟ ದುಡ್ಡಿನಲ್ಲಿ ಫೀಸು ಕಟ್ಟಿದ ಮಗುವಿಗೆ ಏನೂ ಕಮ್ಮಿಯಾಗುವುದಿಲ್ಲ. ನೀನು ನಿಲ್ಲಿಸಿದರೆ ಮಾತ್ರ ಕಮ್ಮಿಯಾಗುತ್ತದೆ.

ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಕೊಡುತ್ತೇನೆ ಅಂದರೆ ಯಾವತ್ತೂ ಕೊಡುವುದಿಲ್ಲ. ತನ್ನೊಳಗನ್ನೇ ಸುಮ್ನೆ ಕೆದಕುತ್ತಾ ಕೂರುವುದೂ ತನ್ನ ಬಗ್ಗೆಯೇ ಯೋಚನೆ, ಅಲ್ವಾ? ನನ್ನನ್ನು ನಾನೇ ವಿಚಾರಿಸಿಕೊಳ್ಳುವುದಿಲ್ಲ, ವಿಚಾರಿಸುವವನು ಕರ್ತನು ಎಂದು ಪೌಲ ಬರೆದದ್ದು ಸೋಮಾರಿತನದಿಂದ ಇರಲಾರದು.

ಹಾಗಾಗಿ ಈ ಸಲವೂ ಕೂಗು. ಜೊತೆಗೆ ಯಾರಿಗೂ ಹೇಳದೆ ಕೊಡುವುದನ್ನೂ ಒಂದು ಇಟ್ಟುಕೋ, ಹೆಂಡತಿಗೆ ಬಿಟ್ಟು. ಸಭೆಯ ವರದಿಯಲ್ಲಿ ಹೆಸರು ಬಿಟ್ಟುಹೋಯಿತೆಂದು ಪಾದ್ರಿ ಅಯ್ಯನವರ ಮೇಲೆ ಮುನಿಸಿಕೊಂಡು ಬೇರೆ ಚರ್ಚಿಗೆ ಹೋಗುವವರಿದ್ದಾರೆ. ನಿನಗೂ ಹಾಗೆ ಸಿಟ್ಟು ಬಂದರೆ ಬರೆ. ಆಗ ನಿನ್ನ ಜೊತೆ ಬೇರೆ ಥರ ಮಾತಾಡುತ್ತೇನೆ.

ನಿನ್ನ ಗೆಳೆಯ